ವಿನಿಮಯ ವಿದ್ಯಾರ್ಥಿಗಳಿಗೆ ಯಾವ ಕೋರ್ಸುಗಳು ಸಿಗುತ್ತವೆ? ಸಲಹೆಗಾರರೊಂದಿಗೆ ಪ್ರಶ್ನೋತ್ತರ

ಈ ವಾರ ಸದಸ್ಯರ ಪ್ರಶ್ನೆಗಳಿಗೆ ಉತ್ತರಿಸಿರುವವರು ವಿಶ್ವವಿದ್ಯಾಲಯವೊಂದರ ಅಂತರರಾಷ್ಟ್ರೀಯ ವಿಭಾಗದಲ್ಲಿ ವಿದ್ಯಾರ್ಥಿ ವಿನಿಮಯದ ಶೈಕ್ಷಣಿಕ ಸಲಹೆಗಾರರು. ಪದವಿಯ ನಡುವೆ ಒಂದು ಸೆಮಿಸ್ಟರ್ ಅಥವಾ ಒಂದು ವರ್ಷ ಬೇರೆ ದೇಶದಲ್ಲಿ ಓದಿ ಮರಳುವವರ ಕೋರ್ಸು ಆಯ್ಕೆಗಷ್ಟೇ ಈ ಚರ್ಚೆ ಸೀಮಿತವಾಗಿದೆ.

ಪ್ರಶ್ನೆ: ನಮಸ್ಕಾರ ಮೇಡಂ. ನಾನು ಅರ್ಥಶಾಸ್ತ್ರದ ಮೂರನೆಯ ವರ್ಷದ ವಿದ್ಯಾರ್ಥಿನಿ. ಮುಂದಿನ ಸೆಮಿಸ್ಟರಿಗೆ ಯುರೋಪಿನ ಒಂದು ವಿಶ್ವವಿದ್ಯಾಲಯಕ್ಕೆ ಆಯ್ಕೆಯಾಗಿದ್ದೇನೆ. ಅವರ ಜಾಲತಾಣದಲ್ಲಿ ನೂರಾರು ಕೋರ್ಸುಗಳ ಪಟ್ಟಿ ಇದೆ. ಅದರಲ್ಲಿ ನನಗೆ ಬೇಕಾದುದನ್ನು ಆರಿಸಿಕೊಳ್ಳಬಹುದೇ?

ಉತ್ತರ: ಅಭಿನಂದನೆಗಳು. ಆ ಪಟ್ಟಿಯಲ್ಲಿರುವ ಎಲ್ಲ ಕೋರ್ಸುಗಳೂ ನಿಮಗೆ ಸಿಗುವುದಿಲ್ಲ. ಇದನ್ನು ಅರ್ಜಿ ತುಂಬುವ ಮೊದಲೇ ತಿಳಿದಿರುವುದು ಒಳ್ಳೆಯದು, ಏಕೆಂದರೆ ಅಲ್ಲಿಗೆ ಹೋದ ಮೇಲೆ ತಿಳಿದರೆ ಆಯ್ಕೆಗಳು ಬಹಳ ಕಡಿಮೆಯಾಗಿರುತ್ತವೆ.

ವಿಶ್ವವಿದ್ಯಾಲಯದ ಸಾಮಾನ್ಯ ಪಟ್ಟಿಯಲ್ಲಿ ಅಲ್ಲಿ ಕಲಿಸಲಾಗುವ ಎಲ್ಲವೂ ಇರುತ್ತದೆ. ಎರಡು ವರ್ಷಕ್ಕೊಮ್ಮೆ ನಡೆಯುವ ಕೋರ್ಸು, ಪ್ರಾಧ್ಯಾಪಕರು ರಜೆಯಲ್ಲಿರುವುದರಿಂದ ಈ ಬಾರಿ ನಡೆಯದ ಕೋರ್ಸು, ಒಂದೇ ವಿಭಾಗದ ವಿದ್ಯಾರ್ಥಿಗಳಿಗೆ ಮೀಸಲಾದ ಕೋರ್ಸು, ಎಲ್ಲವೂ ಅದರಲ್ಲಿ ಒಟ್ಟಿಗೆ ಸೇರಿರುತ್ತವೆ. ಹೆಚ್ಚಿನ ಕಡೆ ವಿನಿಮಯ ವಿದ್ಯಾರ್ಥಿಗಳಿಗಾಗಿಯೇ ಬೇರೆ ಪಟ್ಟಿಯೊಂದು ಇರುತ್ತದೆ. ನೀವು ಓದಬೇಕಾದುದು ಅದನ್ನು. ಅದು ಸಿಗದಿದ್ದರೆ ಅಲ್ಲಿನ ಅಂತರರಾಷ್ಟ್ರೀಯ ಕಚೇರಿಗೆ ಬರೆದು ಕೇಳಿ ಪಡೆಯಿರಿ.

ಪ್ರತಿ ಕೋರ್ಸಿನ ವಿಷಯದಲ್ಲಿ ಮೂರು ಸಂಗತಿಗಳನ್ನು ಖಚಿತಪಡಿಸಿಕೊಳ್ಳಿ: ಅದು ನೀವು ಅಲ್ಲಿರುವ ಸೆಮಿಸ್ಟರಿನಲ್ಲೇ ನಡೆಯುತ್ತದೆಯೇ, ಹೊರಗಿನಿಂದ ಬಂದವರಿಗೆ ಪ್ರವೇಶವಿದೆಯೇ, ಮತ್ತು ಅದಕ್ಕೆ ನಿಮ್ಮ ಸ್ವಂತ ವಿಶ್ವವಿದ್ಯಾಲಯದಲ್ಲಿ ಮಾನ್ಯತೆ ಸಿಗುತ್ತದೆಯೇ. ಬಹಳ ವಿದ್ಯಾರ್ಥಿಗಳು ಮೂರನೆಯದನ್ನು ಹಿಂತಿರುಗಿ ಬಂದ ಮೇಲೆ ಕೇಳುತ್ತಾರೆ. ನಾನಂತೂ ಅದನ್ನೇ ಮೊದಲು ಕೇಳಿ ಎನ್ನುತ್ತೇನೆ.

ಪ್ರವೇಶದ ಮಿತಿಗಳು ಎಲ್ಲೆಡೆ ಸುಮಾರಾಗಿ ಒಂದೇ ಬಗೆಯವು. ವೈದ್ಯಕೀಯ ಮತ್ತು ಶುಶ್ರೂಷೆಯಲ್ಲಿ ರೋಗಿಗಳೊಂದಿಗೆ ಕೆಲಸ ಮಾಡಬೇಕಾದ ಕೋರ್ಸುಗಳು, ಶಿಕ್ಷಕ ತರಬೇತಿಯ ಶಾಲಾ ಅಭ್ಯಾಸ, ಸ್ಟುಡಿಯೋ ಕಲೆ, ಸೀಮಿತ ಆಸನಗಳ ಪ್ರಯೋಗಾಲಯ, ಪದವಿಯ ಕೊನೆಯ ಪ್ರಬಂಧ ಇವು ಸಾಮಾನ್ಯವಾಗಿ ಸ್ಥಳೀಯ ವಿದ್ಯಾರ್ಥಿಗಳಿಗೇ ಮೀಸಲು. ಅಮೆರಿಕದ ಅನೇಕ ವಿಶ್ವವಿದ್ಯಾಲಯಗಳಲ್ಲಿ ಕಂಪ್ಯೂಟರ್ ಸೈನ್ಸ್ ಮತ್ತು ವಾಣಿಜ್ಯ ವಿಭಾಗದ ಕೋರ್ಸುಗಳಿಗೆ ಬೇಡಿಕೆ ಹೆಚ್ಚಾಗಿರುವುದರಿಂದ, ಮೊದಲು ಅಲ್ಲಿನ ಮುಖ್ಯ ವಿಷಯದ ವಿದ್ಯಾರ್ಥಿಗಳಿಗೆ ಆಸನ ಕೊಟ್ಟು ಉಳಿದರೆ ಮಾತ್ರ ಬೇರೆಯವರಿಗೆ ಕೊಡುತ್ತಾರೆ. ಅರ್ಥಶಾಸ್ತ್ರದಲ್ಲಿ ಇಷ್ಟು ಕಷ್ಟ ಸಾಮಾನ್ಯವಾಗಿ ಇರುವುದಿಲ್ಲ. ಆದರೆ ಎಕನಾಮೆಟ್ರಿಕ್ಸ್‌ನಂತಹ ಕೋರ್ಸಿಗೆ ಸಂಖ್ಯಾಶಾಸ್ತ್ರವನ್ನು ಮೊದಲೇ ಓದಿರಬೇಕೆಂಬ ನಿಯಮವಿರುತ್ತದೆ. ನಿಮ್ಮ ಅಂಕಪಟ್ಟಿಯ ಜೊತೆ ನೀವು ಓದಿದ ಸಂಖ್ಯಾಶಾಸ್ತ್ರ ಕೋರ್ಸಿನ ಪಠ್ಯಕ್ರಮವನ್ನೂ ಕಳುಹಿಸಿದರೆ ಅನುಮತಿ ಬೇಗ ದೊರೆಯುತ್ತದೆ.

ಅದೇ ಸದಸ್ಯೆ: ಧನ್ಯವಾದಗಳು ಮೇಡಂ. ಮಾನ್ಯತೆಯ ಬಗ್ಗೆಯೇ ಇನ್ನೊಂದು ಅನುಮಾನ. ನಮ್ಮಲ್ಲಿರುವ ‘ಅಂತರರಾಷ್ಟ್ರೀಯ ವ್ಯಾಪಾರ’ ಎಂಬ ಕಡ್ಡಾಯ ಕೋರ್ಸಿನ ಹೆಸರಿನದೇ ಕೋರ್ಸು ಅಲ್ಲೂ ಇದೆ. ಆದರೂ ನಮ್ಮ ವಿಭಾಗದವರು ಒಪ್ಪಿಗೆ ಕೊಡಲು ಹಿಂಜರಿಯುತ್ತಿದ್ದಾರೆ. ಹೆಸರು ಒಂದೇ ಇದ್ದ ಮೇಲೆ ತೊಂದರೆ ಏನು?

ಉತ್ತರ: ಅವರ ಹಿಂಜರಿಕೆಗೆ ಕಾರಣವಿರಬಹುದು. ಒಂದೇ ಹೆಸರಿನ ಎರಡು ಕೋರ್ಸುಗಳಲ್ಲಿ ಒಂದು ವ್ಯಾಪಾರದ ಸಿದ್ಧಾಂತಗಳನ್ನು ಗಣಿತದ ಮೂಲಕ ಕಲಿಸುತ್ತಿರಬಹುದು, ಇನ್ನೊಂದು ಕಂಪನಿಗಳ ರಫ್ತು ಕಾರ್ಯಾಚರಣೆಯನ್ನು ಕಲಿಸುತ್ತಿರಬಹುದು. ಎರಡನೆಯದನ್ನು ಓದಿ ಬಂದ ವಿದ್ಯಾರ್ಥಿನಿಗೆ ಮುಂದಿನ ಸೆಮಿಸ್ಟರಿನ ಕೋರ್ಸು ಅರ್ಥವಾಗದಿದ್ದರೆ ನಷ್ಟ ಆಕೆಗೇ.

ಆದ್ದರಿಂದ ವಿಭಾಗಕ್ಕೆ ಕೋರ್ಸಿನ ಹೆಸರು, ಸಂಖ್ಯೆಗಳ ಜೊತೆಗೆ ಪೂರ್ಣ ಪಠ್ಯಕ್ರಮವನ್ನು ಕೊಡಿ: ವಾರವಾರದ ವಿಷಯಗಳು, ಓದಬೇಕಾದ ಪುಸ್ತಕಗಳು, ಮೌಲ್ಯಮಾಪನದ ವಿಧಾನ, ಕ್ರೆಡಿಟ್‌ಗಳು, ಕೋರ್ಸಿನ ಹಂತ. ಹಂತವನ್ನು ಎಷ್ಟೋ ಜನ ಗಮನಿಸುವುದಿಲ್ಲ. ಅಮೆರಿಕದಲ್ಲಿ ಸಾಮಾನ್ಯವಾಗಿ 100ರ ಸರಣಿಯ ಕೋರ್ಸುಗಳು ಆರಂಭಿಕ ಹಂತದವು, 300 ಮತ್ತು 400ರ ಸರಣಿಯವು ಪದವಿಯೊಳಗಿನ ಮೇಲಿನ ಹಂತದವು. ಇಂಗ್ಲೆಂಡಿನಲ್ಲಿ ಪದವಿಯ ಮೂರು ವರ್ಷಗಳನ್ನು 4, 5, 6ನೆಯ ಹಂತಗಳೆಂದೂ ಸ್ನಾತಕೋತ್ತರವನ್ನು 7ನೆಯ ಹಂತವೆಂದೂ ಗುರುತಿಸುತ್ತಾರೆ. ಮೂರನೆಯ ವರ್ಷದ ಕಡ್ಡಾಯ ಕೋರ್ಸಿಗೆ ಬದಲಾಗಿ ಆರಂಭಿಕ ಹಂತದ ಕೋರ್ಸನ್ನು ಮುಂದಿಟ್ಟರೆ ಯಾವ ವಿಭಾಗವೂ ಸುಲಭವಾಗಿ ಒಪ್ಪುವುದಿಲ್ಲ.

ಹಾಗೆಂದು ಎರಡು ಪಠ್ಯಕ್ರಮಗಳು ಅಕ್ಷರಶಃ ಹೊಂದಬೇಕೆಂದು ಪಟ್ಟು ಹಿಡಿಯುವುದೂ ಸರಿಯಲ್ಲ, ಇದನ್ನು ವಿಭಾಗಗಳಿಗೂ ಹೇಳಬೇಕಾಗಿದೆ. ವಿದೇಶಿ ಅಧ್ಯಯನದ ಮಾನ್ಯತೆಯ ಕುರಿತು 1997ರಲ್ಲಿ ಲಿಸ್ಬನ್‌ನಲ್ಲಿ ಆದ ಒಪ್ಪಂದದ ತಿರುಳೇ ಇದು: ಗಣನೀಯ ವ್ಯತ್ಯಾಸವಿದೆ ಎಂದು ತೋರಿಸಿದಾಗ ಮಾತ್ರ ಮಾನ್ಯತೆ ನಿರಾಕರಿಸಬೇಕು, ಸಣ್ಣಪುಟ್ಟ ವ್ಯತ್ಯಾಸಗಳಿಗಾಗಿ ಅಲ್ಲ. ಯುನೆಸ್ಕೋ 2019ರಲ್ಲಿ ಅಂಗೀಕರಿಸಿದ ಜಾಗತಿಕ ಒಪ್ಪಂದವೂ ಇದೇ ತತ್ವವನ್ನು ಅನುಸರಿಸುತ್ತದೆ. ನಿಮ್ಮ ದೇಶ ಇವುಗಳಿಗೆ ಸೇರಿರಲಿ ಬಿಡಲಿ, ಇದೇ ವಾದವನ್ನು ವಿನಯದಿಂದ ಮುಂದಿಡಬಹುದು: ಕೋರ್ಸಿನಿಂದ ವಿದ್ಯಾರ್ಥಿ ಏನನ್ನು ಕಲಿತು ಬರುತ್ತಾನೆ ಎಂಬುದನ್ನು ಹೋಲಿಸಿ ನೋಡಿ, ಅಧ್ಯಾಯಗಳ ಪಟ್ಟಿಯನ್ನಲ್ಲ. ಒಪ್ಪಿಗೆ ದೊರೆತಾಗ ಅದನ್ನು ಲಿಖಿತವಾಗಿ ಪಡೆಯಿರಿ. ಬಾಯಿಮಾತಿನ ಒಪ್ಪಿಗೆ ವಿಭಾಗದ ಮುಖ್ಯಸ್ಥರು ಬದಲಾದೊಡನೆ ನಿಲ್ಲದೇ ಹೋಗಬಹುದು.

ಪ್ರಶ್ನೆ: ಸೆಮಿಸ್ಟರಿಗೆ ಎಷ್ಟು ಕ್ರೆಡಿಟ್ ತೆಗೆದುಕೊಳ್ಳಬೇಕು? ಒಬ್ಬರು 15 ಎನ್ನುತ್ತಾರೆ, ಒಬ್ಬರು 30, ಇನ್ನೊಬ್ಬರು 60 ಎನ್ನುತ್ತಾರೆ.

ಉತ್ತರ: ಮೂವರ ಮಾತೂ ಸರಿ, ಮೂರೂ ಬೇರೆ ಬೇರೆ ಅಳತೆಗಳು. ಕ್ರೆಡಿಟ್ ಲೆಕ್ಕ ಹಾಕುವ ಯುರೋಪಿನ ಇಸಿಟಿಎಸ್ ಪದ್ಧತಿಯಲ್ಲಿ ಪೂರ್ಣಾವಧಿ ಅಧ್ಯಯನವೆಂದರೆ ವರ್ಷಕ್ಕೆ 60, ಸೆಮಿಸ್ಟರಿಗೆ 30. ಇಂಗ್ಲೆಂಡಿನ ಪದ್ಧತಿಯಲ್ಲಿ ಅದೇ ಪ್ರಮಾಣದ ಓದನ್ನು ವರ್ಷಕ್ಕೆ 120, ಅರ್ಧ ವರ್ಷಕ್ಕೆ 60 ಎಂದು ಲೆಕ್ಕ ಹಾಕುತ್ತಾರೆ. ಅಮೆರಿಕದಲ್ಲಿ ಸೆಮಿಸ್ಟರಿಗೆ ಸುಮಾರು 15 ಕ್ರೆಡಿಟ್ ರೂಢಿಯಲ್ಲಿದೆ.

ಇಸಿಟಿಎಸ್‌ನ ಒಂದು ಕ್ರೆಡಿಟ್ ಎಂದರೆ 25ರಿಂದ 30 ಗಂಟೆಗಳ ಒಟ್ಟು ಶ್ರಮ. ತರಗತಿ, ಗ್ರಂಥಾಲಯದ ಓದು, ಬರವಣಿಗೆ, ಪರೀಕ್ಷೆಯ ತಯಾರಿ ಎಲ್ಲವೂ ಅದರಲ್ಲಿ ಸೇರಿವೆ. ಹಾಗಾಗಿ ವಾರಕ್ಕೆ ಎರಡೇ ತರಗತಿ ಇರುವ 6 ಕ್ರೆಡಿಟ್ ಕೋರ್ಸನ್ನು ಹಗುರವೆಂದು ಭಾವಿಸಬೇಡಿ. ಅದರ ಹಿಂದೆ 150ರಿಂದ 180 ಗಂಟೆಗಳ ಕೆಲಸವಿರುತ್ತದೆ.

ವೀಸಾ ನಿಯಮದಲ್ಲಿ ಕನಿಷ್ಠ ಮಿತಿಯೂ ಇರಬಹುದು. ಉದಾಹರಣೆಗೆ, ಅಮೆರಿಕದಲ್ಲಿ ವಿದ್ಯಾರ್ಥಿಗಳಿಗೆ ಕೊಡುವ ಎಫ್-1 ವೀಸಾದ ಮೇಲೆ ಪದವಿ ಹಂತದಲ್ಲಿ ಓದುವವರು ಸೆಮಿಸ್ಟರಿಗೆ ಸಾಮಾನ್ಯವಾಗಿ 12 ಕ್ರೆಡಿಟ್‌ಗಳಿಗಿಂತ ಕೆಳಗಿಳಿಯುವಂತಿಲ್ಲ. ಒಂದು ಕೋರ್ಸು ಕಷ್ಟವೆನಿಸಿತೆಂದು ಕೈಬಿಡುವ ಮೊದಲು ಅಲ್ಲಿನ ಅಂತರರಾಷ್ಟ್ರೀಯ ಕಚೇರಿಯನ್ನು ಕೇಳಲೇಬೇಕು.

ಪ್ರಶ್ನೆ: ಅಲ್ಲಿನ ಆನ್‌ಲೈನ್ ಕೋರ್ಸುಗಳನ್ನು ಸೇರಿಸಿಕೊಂಡು ಆ ಸಂಖ್ಯೆ ತುಂಬಿಸಬಹುದೇ?

ಉತ್ತರ: ಎಫ್-1 ವೀಸಾದಲ್ಲಿ ಒಂದು ಸೆಮಿಸ್ಟರಿಗೆ ಒಂದು ಆನ್‌ಲೈನ್ ಕೋರ್ಸು, ಅಂದರೆ ಮೂರು ಕ್ರೆಡಿಟ್‌ವರೆಗೆ ಮಾತ್ರ, ಪೂರ್ಣಾವಧಿಯ ಲೆಕ್ಕಕ್ಕೆ ಸೇರುತ್ತದೆ. ಬೇರೆ ದೇಶಗಳಲ್ಲಿ ನಿಯಮ ಬೇರೆ. ವಿನಿಮಯಕ್ಕೆಂದು ಅಷ್ಟು ದೂರ ಹೋದ ಮೇಲೆ ತರಗತಿಯಲ್ಲಿ ಕುಳಿತು ಕಲಿಯುವ ಕೋರ್ಸುಗಳನ್ನೇ ಆರಿಸಿ ಎಂಬುದು ನನ್ನ ಸಲಹೆ.

ಪ್ರಶ್ನೆ: ನಾನು ಮೆಕ್ಯಾನಿಕಲ್ ಎಂಜಿನಿಯರಿಂಗ್ ವಿದ್ಯಾರ್ಥಿ, ಜರ್ಮನಿಗೆ ಹೋಗಬೇಕೆಂದಿದ್ದೇನೆ. ನನ್ನ ಹಂತಕ್ಕೆ ಬೇಕಾದ ಕೋರ್ಸುಗಳೆಲ್ಲ ಜರ್ಮನ್ ಭಾಷೆಯಲ್ಲಿವೆ, ಇಂಗ್ಲಿಷಿನಲ್ಲಿರುವವು ಸ್ನಾತಕೋತ್ತರ ಹಂತದವು. ದಾರಿ ಯಾವುದು ಸರ್?

ಉತ್ತರ: ಸಲಹೆಗಾರರು ಮಹಿಳೆ ಎಂದು ನಿಮಗೆ ತಿಳಿಸುತ್ತಾ ಉತ್ತರಕ್ಕೆ ಬರುತ್ತೇನೆ. ನೀವು ಗಮನಿಸಿರುವುದು ಸರಿಯಾಗಿದೆ. ಜರ್ಮನಿಯ ಸಾರ್ವಜನಿಕ ವಿಶ್ವವಿದ್ಯಾಲಯಗಳಲ್ಲಿ ಪದವಿ ಹಂತದ ಬೋಧನೆ ಬಹುಮಟ್ಟಿಗೆ ಜರ್ಮನ್‌ನಲ್ಲೇ ನಡೆಯುತ್ತದೆ, ಇಂಗ್ಲಿಷ್ ಕೋರ್ಸುಗಳು ಸ್ನಾತಕೋತ್ತರದಲ್ಲಿ ಹೆಚ್ಚು. ನೆದರ್‌ಲ್ಯಾಂಡ್ಸ್, ಸ್ವೀಡನ್‌ಗಳಲ್ಲೂ ಸ್ನಾತಕೋತ್ತರದಲ್ಲೇ ಇಂಗ್ಲಿಷ್ ಹೆಚ್ಚಾದರೂ, ವಿನಿಮಯ ವಿದ್ಯಾರ್ಥಿಗಳಿಗೆ ಪದವಿ ಹಂತದಲ್ಲಿ ಸಿಗುವ ಆಯ್ಕೆ ಸಾಮಾನ್ಯವಾಗಿ ಇನ್ನಷ್ಟು ಅಗಲವಾಗಿರುತ್ತದೆ.

ಪದವಿಯ ಕೊನೆಯ ವರ್ಷದವರಿಗೆ ಸ್ನಾತಕೋತ್ತರ ಕೋರ್ಸಿಗೆ ಅನುಮತಿ ಕೊಡುವ ವಿಶ್ವವಿದ್ಯಾಲಯಗಳಿವೆ, ಆದರೆ ಅದನ್ನು ನಿರ್ಧರಿಸುವುದು ಆಯಾ ವಿಭಾಗ. ಪ್ರಾಧ್ಯಾಪಕರಿಗೆ ಬರೆಯುವಾಗ ಕೋರ್ಸಿಗೆ ಬೇಕಾದ ಅಡಿಪಾಯ ನಿಮಗಿದೆ ಎಂದು ಕೋರ್ಸುವಾರು ತೋರಿಸಿ. ಉಷ್ಣ ವರ್ಗಾವಣೆಯ ಮುಂದುವರಿದ ಕೋರ್ಸನ್ನು ಕೇಳುವವರು ಥರ್ಮೋಡೈನಮಿಕ್ಸ್ ಮತ್ತು ದ್ರವಗತಿಶಾಸ್ತ್ರಗಳಲ್ಲಿ ತಾವು ಓದಿದ ವಿಷಯಗಳನ್ನೂ ಪಡೆದ ಅಂಕಗಳನ್ನೂ ನಾಲ್ಕು ಸಾಲಿನಲ್ಲಿ ಬರೆದರೆ ಸಾಕು, ತಮ್ಮ ಆಸಕ್ತಿಯ ದೀರ್ಘ ವರ್ಣನೆ ಬೇಕಿಲ್ಲ. ಜರ್ಮನ್‌ನಲ್ಲಿಯೇ ಓದುವುದಾದರೆ ಬಿ2 ಮಟ್ಟವನ್ನು (ಭಾಷೆಯನ್ನು ಸ್ವತಂತ್ರವಾಗಿ ಬಳಸಬಲ್ಲ ಮಧ್ಯಮ-ಮೇಲಿನ ಮಟ್ಟ) ಸಾಮಾನ್ಯವಾಗಿ ನಿರೀಕ್ಷಿಸುತ್ತಾರೆ.

ಅಲ್ಲಿನ ಇನ್ನೊಂದು ಕ್ರಮವನ್ನು ಈಗಲೇ ತಿಳಿದಿರಿ. ಜರ್ಮನಿಯ ಬಹುಪಾಲು ವಿಶ್ವವಿದ್ಯಾಲಯಗಳಲ್ಲಿ ತರಗತಿಗೆ ಸೇರುವುದು ಬೇರೆ, ಪರೀಕ್ಷೆಗೆ ಹೆಸರು ನೋಂದಾಯಿಸುವುದು ಬೇರೆ. ಸೆಮಿಸ್ಟರ್ ಪೂರ್ತಿ ತಪ್ಪದೆ ತರಗತಿಗೆ ಹೋಗಿದ್ದರೂ ನೋಂದಣಿಯ ಗಡುವು ದಾಟಿದರೆ ಪರೀಕ್ಷೆಗೆ ಕೂರಿಸುವುದಿಲ್ಲ, ಪರೀಕ್ಷೆಯಿಲ್ಲದೆ ಕ್ರೆಡಿಟ್ ಇಲ್ಲ. ಗಡುವನ್ನು ಮೊದಲ ವಾರದಲ್ಲೇ ಬರೆದಿಟ್ಟುಕೊಳ್ಳಿ.

ಪ್ರಶ್ನೆ: ಜರ್ಮನಿಯ ಚಳಿಗಾಲದ ಸೆಮಿಸ್ಟರ್ ಮುಗಿಯುವ ಮೊದಲೇ ನಮ್ಮ ಮುಂದಿನ ಸೆಮಿಸ್ಟರ್ ಶುರುವಾಗುತ್ತದೆ. ಇದಕ್ಕೆ ಪರಿಹಾರವಿದೆಯೇ?

ಉತ್ತರ: ಇದು ನಿಜವಾದ ತೊಡಕು, ಕೋರ್ಸು ಆಯ್ಕೆಯ ಮೇಲೂ ನೇರ ಪರಿಣಾಮ ಬೀರುತ್ತದೆ. ಜರ್ಮನಿಯ ಚಳಿಗಾಲದ ತರಗತಿಗಳು ಅಕ್ಟೋಬರ್ ಮಧ್ಯದಿಂದ ಫೆಬ್ರವರಿ ಮಧ್ಯದವರೆಗೆ ನಡೆಯುತ್ತವೆ, ಎಷ್ಟೋ ಪರೀಕ್ಷೆಗಳು ಅದರ ನಂತರ. ಜಪಾನಿನಲ್ಲಿ ಶೈಕ್ಷಣಿಕ ವರ್ಷ ಆರಂಭವಾಗುವುದು ಏಪ್ರಿಲ್‌ನಲ್ಲಿ. ಆಸ್ಟ್ರೇಲಿಯಾದಲ್ಲಿ ಮೊದಲ ಸೆಮಿಸ್ಟರ್ ಫೆಬ್ರವರಿ ಅಂತ್ಯ ಅಥವಾ ಮಾರ್ಚ್‌ನಲ್ಲಿ, ಎರಡನೆಯದು ಜುಲೈನ ಆಸುಪಾಸಿನಲ್ಲಿ.

ಮೂರು ಹಾದಿಗಳನ್ನು ನೋಡಬಹುದು. ಅಂತಿಮ ಪರೀಕ್ಷೆಯ ಬದಲು ಪ್ರಬಂಧ ಅಥವಾ ಪ್ರಾಜೆಕ್ಟ್‌ನಿಂದ ಮೌಲ್ಯಮಾಪನವಾಗುವ ಕೋರ್ಸುಗಳನ್ನು ಆರಿಸಿದರೆ, ಪ್ರಾಧ್ಯಾಪಕರ ಒಪ್ಪಿಗೆಯೊಂದಿಗೆ ಬೇಗ ಮುಗಿಸಲು ಅವಕಾಶವಿರಬಹುದು. ಸ್ವೀಡನ್‌ನಲ್ಲಿ ಸೆಮಿಸ್ಟರಿನ 30 ಕ್ರೆಡಿಟ್‌ಗಳನ್ನು 7.5 ಕ್ರೆಡಿಟ್‌ಗಳ ನಾಲ್ಕು ಕೋರ್ಸುಗಳಾಗಿ ಒಂದರ ನಂತರ ಒಂದರಂತೆ ಓದಿಸುವ ಕ್ರಮ ಅನೇಕ ವಿಭಾಗಗಳಲ್ಲಿದೆ. ಅಲ್ಲಿ ಪ್ರತಿ ಕೋರ್ಸಿನ ಪರೀಕ್ಷೆ ಆಗಿಂದಾಗಲೇ ಮುಗಿಯುವುದರಿಂದ ಕೊನೆಯ ಕೋರ್ಸೊಂದನ್ನು ಬಿಟ್ಟು ಬಂದರೂ ಮೊದಲಿನ ಕ್ರೆಡಿಟ್‌ಗಳು ಉಳಿಯುತ್ತವೆ. ಇಂಗ್ಲೆಂಡಿನಲ್ಲಿ ವರ್ಷಪೂರ್ತಿ ನಡೆಯುವ ಮಾಡ್ಯೂಲುಗಳ (ಅಲ್ಲಿ ಕೋರ್ಸಿಗೆ ಇರುವ ಹೆಸರು) ಪರೀಕ್ಷೆ ಸಾಮಾನ್ಯವಾಗಿ ಮೇ ತಿಂಗಳ ಸುಮಾರಿಗೆ ಇರುತ್ತದೆ. ಡಿಸೆಂಬರಿನಲ್ಲೇ ಮರಳುವವರಿಗೆ ಬೇರೆ ಮೌಲ್ಯಮಾಪನ ಏರ್ಪಡಿಸುವ ವಿಶ್ವವಿದ್ಯಾಲಯಗಳು ಹಲವಿದ್ದರೂ, ಎಲ್ಲ ಮಾಡ್ಯೂಲುಗಳಿಗೆ ಆ ಸೌಲಭ್ಯ ಇರುವುದಿಲ್ಲ. ಅದನ್ನು ಮಾಡ್ಯೂಲಿನ ವಿವರಪುಟದಲ್ಲಿ ನೋಡಿಯೇ ಆರಿಸಬೇಕು.

ಪ್ರಶ್ನೆ: ನಾನು ವಿದ್ಯಾರ್ಥಿಯೊಬ್ಬನ ತಾಯಿ. ಮಗ ಐದು ಕೋರ್ಸುಗಳಲ್ಲಿ ಒಂದನ್ನು ಅಲ್ಲಿನ ಭಾಷೆಗೆ, ಇನ್ನೊಂದನ್ನು ಆ ದೇಶದ ಇತಿಹಾಸಕ್ಕೆ ಇಟ್ಟುಕೊಂಡಿದ್ದಾನೆ. ಇದರಿಂದ ಮುಖ್ಯ ವಿಷಯಕ್ಕೆ ಪೆಟ್ಟು ಬೀಳುವುದಿಲ್ಲವೇ?

ಉತ್ತರ: ನಿಮ್ಮ ಕಾಳಜಿ ಸಹಜವಾದದ್ದು ಅಮ್ಮ. ಆದರೆ ನಿಮ್ಮ ಮಗನ ಆಯ್ಕೆ ನನಗೆ ಸಂತೋಷ ಕೊಟ್ಟಿತು. ಅವರ ಪದವಿಯಲ್ಲಿ ಐಚ್ಛಿಕ ಕೋರ್ಸುಗಳ ಕ್ರೆಡಿಟ್ ಇನ್ನೂ ಬಾಕಿ ಇದ್ದರೆ ಈ ಎರಡೂ ಅದರಲ್ಲಿ ಸೇರಿಕೊಳ್ಳುತ್ತವೆ, ಮುಖ್ಯ ವಿಷಯಕ್ಕೆ ಏನೂ ನಷ್ಟವಿಲ್ಲ. ವಿದೇಶಕ್ಕೆ ಹೋಗಬೇಕೆಂದಿರುವವರು ಮೊದಲೆರಡು ವರ್ಷಗಳಲ್ಲಿ ಐಚ್ಛಿಕ ಕೋರ್ಸುಗಳನ್ನೆಲ್ಲ ಮುಗಿಸಿಬಿಡದೆ ಆ ಸೆಮಿಸ್ಟರಿಗೆಂದು ಕಾದಿಡಬೇಕೆಂದು ನಾನು ಯಾವಾಗಲೂ ಹೇಳುತ್ತೇನೆ. ಎಲ್ಲವೂ ಕಡ್ಡಾಯ ಕೋರ್ಸುಗಳೇ ಉಳಿದಿದ್ದರೆ ಒಂದೊಂದಕ್ಕೂ ಸಮಾನವಾದದ್ದನ್ನು ಹುಡುಕುವುದೇ ದೊಡ್ಡ ಕೆಲಸವಾಗುತ್ತದೆ. ಆ ನೆಲದ ಇತಿಹಾಸವನ್ನು, ಕಾನೂನನ್ನು, ಪರಿಸರವನ್ನು ಅಲ್ಲಿಯೇ ಕುಳಿತು, ಅಲ್ಲಿನ ಸಹಪಾಠಿಗಳೊಂದಿಗೆ ಓದುವ ಅವಕಾಶ ಸ್ವಂತ ವಿಶ್ವವಿದ್ಯಾಲಯದಲ್ಲಿ ಸಿಗುವುದಿಲ್ಲ. ಒಂದು ಎಚ್ಚರಿಕೆ ಮಾತ್ರ ಬೇಕು: ಕೆಲವು ವಿಭಾಗಗಳು ಭಾಷಾ ಕೋರ್ಸಿಗೆ ಕ್ರೆಡಿಟ್ ಕೊಡುವುದಿಲ್ಲ. ಅದನ್ನು ಮಗ ಹೊರಡುವ ಮೊದಲೇ ಕೇಳಿಕೊಳ್ಳಲಿ.

ಪ್ರಶ್ನೆ: ಅಲ್ಲಿನ ಅಂಕಗಳು ನಮ್ಮ ಸರಾಸರಿಗೆ ಸೇರುತ್ತವೆಯೇ? ಕಡಿಮೆ ಬಂದರೆ ಎಂಬ ಭಯವಿದೆ.

ಉತ್ತರ: ಕೆಲವು ವಿಶ್ವವಿದ್ಯಾಲಯಗಳು ಪರಿವರ್ತಿಸಿ ಸೇರಿಸುತ್ತವೆ, ಕೆಲವು ಉತ್ತೀರ್ಣ ಎಂದಷ್ಟೇ ದಾಖಲಿಸುತ್ತವೆ. ನಿಮ್ಮದು ಯಾವ ಬಗೆಯದೆಂಬುದರ ಮೇಲೆ ಎಷ್ಟು ಕಠಿಣ ಕೋರ್ಸನ್ನು ಆರಿಸಬಹುದೆಂಬುದೂ ನಿಂತಿದೆ. ಅಂಕಗಳನ್ನು ಮಾತ್ರ ನೇರವಾಗಿ ಹೋಲಿಸಬೇಡಿ. ಜರ್ಮನಿಯಲ್ಲಿ 1.0 ಅತ್ಯುತ್ತಮ, 4.0 ಉತ್ತೀರ್ಣದ ಕೊನೆಯ ಅಂಚು. ಫ್ರಾನ್ಸ್‌ನಲ್ಲಿ 20ಕ್ಕೆ 10, ಇಟಲಿಯಲ್ಲಿ 30ಕ್ಕೆ 18 ಬಂದರೆ ಉತ್ತೀರ್ಣ. ಇಂಗ್ಲೆಂಡಿನಲ್ಲಿ 70 ಬಂದರೆ ಪ್ರಥಮ ದರ್ಜೆ, ಅದನ್ನು ದಾಟುವುದು ಸುಲಭವಲ್ಲ. ಪರಿವರ್ತನೆಯ ಕೋಷ್ಟಕವನ್ನು ನಿಮ್ಮ ಪರೀಕ್ಷಾ ವಿಭಾಗದಿಂದ ಮುಂಚೆಯೇ ಪಡೆದು ನೋಡಿ.

ಪ್ರಶ್ನೆ: ಎಲ್ಲ ಒಪ್ಪಿಗೆಗಳೊಂದಿಗೆ ಬಂದು ತಲುಪಿದ್ದೇನೆ ಮೇಡಂ. ಈಗ ನನ್ನ ಎರಡು ಕೋರ್ಸುಗಳಲ್ಲಿ ಒಂದು ರದ್ದಾಗಿದೆ, ಇನ್ನೊಂದರಲ್ಲಿ ಆಸನವಿಲ್ಲ. ತರಗತಿಗಳು ಮುಂದಿನ ವಾರ ಆರಂಭ. ಏನು ಮಾಡಲಿ?

ಉತ್ತರ: ಗಾಬರಿಯಾಗಬೇಡಿ, ಇದು ಪ್ರತಿ ಸೆಮಿಸ್ಟರಿನಲ್ಲೂ ಆಗುವಂತಹದು. ಆಸನವಿಲ್ಲದ ಕೋರ್ಸಿನ ಕಾಯುವ ಪಟ್ಟಿಗೆ ಇಂದೇ ಹೆಸರು ಸೇರಿಸಿ, ಪ್ರಾಧ್ಯಾಪಕರಿಗೆ ಒಂದು ಸಾಲು ಬರೆದು ಮೊದಲ ತರಗತಿಗೆ ಹಾಜರಾಗಲು ಅನುಮತಿ ಕೇಳಿ. ಮೊದಲೆರಡು ವಾರಗಳಲ್ಲಿ ಸ್ಥಳೀಯ ವಿದ್ಯಾರ್ಥಿಗಳೂ ಕೋರ್ಸು ಬದಲಿಸುವುದರಿಂದ ಆಸನಗಳು ತೆರವಾಗುತ್ತವೆ. ರದ್ದಾದ ಕೋರ್ಸಿಗೆ ಬದಲಾಗಿ ಎರಡು ಪರ್ಯಾಯಗಳನ್ನು ಹುಡುಕಿ, ಎರಡರ ಪಠ್ಯಕ್ರಮವನ್ನೂ ನಿಮ್ಮ ವಿಭಾಗಕ್ಕೆ ಒಟ್ಟಿಗೇ ಕಳುಹಿಸಿ. ಒಂದೊಂದಾಗಿ ಕಳುಹಿಸಿದರೆ ಉತ್ತರ ಬರುವಷ್ಟರಲ್ಲಿ ಸೇರ್ಪಡೆಯ ಗಡುವು ಮುಗಿದಿರುತ್ತದೆ. ಯುರೋಪಿನ ವಿದ್ಯಾರ್ಥಿ ವಿನಿಮಯ ಯೋಜನೆಯಾದ ಎರಾಸ್ಮಸ್‌ನಂತಹ ಕಾರ್ಯಕ್ರಮದಲ್ಲಿ ಹೋಗಿದ್ದರೆ ಕೋರ್ಸುಗಳ ಒಪ್ಪಂದಪತ್ರವಾದ ಲರ್ನಿಂಗ್ ಅಗ್ರಿಮೆಂಟ್‌ನಲ್ಲಿ ಬದಲಾವಣೆಗಳಿಗೇ ಪ್ರತ್ಯೇಕ ಭಾಗವಿದೆ. ಅದಕ್ಕೆ ನೀವು, ನಿಮ್ಮ ವಿಶ್ವವಿದ್ಯಾಲಯ, ಅಲ್ಲಿನ ವಿಶ್ವವಿದ್ಯಾಲಯ ಮೂವರ ಒಪ್ಪಿಗೆಯೂ ಬೇಕು.

ವಿಭಾಗದಿಂದ ಉತ್ತರ ಬರುವವರೆಗೆ ಎರಡೂ ಪರ್ಯಾಯಗಳ ತರಗತಿಗಳಿಗೆ ಹೋಗುತ್ತಿರಿ, ಬೇಡವಾದುದನ್ನು ಗಡುವಿನೊಳಗೆ ಕೈಬಿಡಿ. ಉಳಿಸಿಕೊಂಡ ಕೋರ್ಸುಗಳ ಪಠ್ಯಕ್ರಮ, ನೀವು ಬರೆದ ಪ್ರಬಂಧಗಳು, ತಿದ್ದಿ ಕೊಟ್ಟ ಉತ್ತರಪತ್ರಿಕೆಗಳನ್ನು ಪ್ರತಿ ಮಾಡಿ ಇಟ್ಟುಕೊಳ್ಳಿ, ಏಕೆಂದರೆ ಅಲ್ಲಿನ ಜಾಲತಾಣದ ಪ್ರವೇಶ ನೀವು ಮರಳಿದ ಕೆಲವು ತಿಂಗಳಲ್ಲಿ ಮುಚ್ಚಿಹೋಗಬಹುದು. ಪರ್ಯಾಯ ಕೋರ್ಸುಗಳ ವಿವರಗಳನ್ನು ಇಲ್ಲಿ ಹಾಕಿದರೆ, ಅವುಗಳ ಹಂತ ಮತ್ತು ಕ್ರೆಡಿಟ್ ನಿಮ್ಮ ಹಳೆಯ ಕೋರ್ಸಿಗೆ ಹೊಂದುತ್ತವೆಯೇ ಎಂದು ನೋಡಿ ಹೇಳುತ್ತೇನೆ.