ಕಾರ್ನರ್‌ಬ್ಯಾಕ್‌ನ ಕಟ್ ಮಾಡಿದ್ರೆ ಕ್ಯಾಪ್ ಜಾಗ ಇನ್ನೂ ಕಮ್ಮಿ ಆಗ್ತಿದೆ, ಶೀಟ್ ಕೆಟ್ಟಿದ್ಯಾ?

ನಾಲ್ಕನೇ_ಡೌನ್: ಎನ್‌ಎಫ್‌ಎಲ್ (ಅಮೆರಿಕನ್ ಫುಟ್‌ಬಾಲ್ ಲೀಗ್) ಕ್ಯಾಪ್ ಶೀಟ್, ಅಂದ್ರೆ ತಂಡದ ಸಂಬಳದ ಮಿತಿ ಲೆಕ್ಕ ಹಾಕೋ ಸ್ಪ್ರೆಡ್‌ಶೀಟ್, ತಲೆ ತಿಂತಿದೆ. ಒಬ್ಬ ಕಾರ್ನರ್‌ಬ್ಯಾಕ್ (ಡಿಫೆನ್ಸ್ ಆಟಗಾರ), 2024ರ ಕ್ಯಾಪ್ ಹಿಟ್, ಅಂದ್ರೆ ಮಿತಿಯಲ್ಲಿ ಅವನ ಪಾಲು, 13 ಮಿಲಿಯನ್ ಡಾಲರ್. ಕಿತ್ತಾಕಿದ್ರೆ 13 ವಾಪಸ್ ಬರ್ಬೇಕು ತಾನೆ? ಮೈನಸ್ 2.795 ಅಂತಿದೆ. ಫಾರ್ಮುಲಾ ಮೂರು ಸಲ ನೋಡಾಯ್ತು.

ಜೂನ್_ಒಂದು: ಪೋಸ್ಟ್ ಜೂನ್ 1 (ಜೂನ್ 1ರ ನಂತರ ಕಟ್ ಆದ ಹಾಗೆ ಲೆಕ್ಕ) ಟಿಕ್ ಹಾಕಿಲ್ಲ. ಅಷ್ಟೇ.

ಲೆಕ್ಕದ_ಮೇಷ್ಟ್ರು: ಸೈನಿಂಗ್ ಬೋನಸ್ (ಸಹಿಗೆ ಕೊಟ್ಟ ದುಡ್ಡು) ಎಷ್ಟು, ಎಷ್ಟು ವರ್ಷ, ಯಾವ ತಾರೀಕು? 13 ಅಂತ ಒಂದೇ ಅಂಕಿ ಕೊಟ್ರೆ ಕವಡೆ ಹಾಕಿ ಹೇಳ್ಬೇಕಾಗತ್ತೆ.

ನಾಲ್ಕನೇ_ಡೌನ್: ಅದೆಲ್ಲ ಯಾಕೆ ಅನ್ಕೊಂಡೆ. 2023ರಲ್ಲಿ ಸಹಿ, 4 ವರ್ಷ, ಬೋನಸ್ 20, ಈ ವರ್ಷದ ಬೇಸ್ ಸಂಬಳ 8. ಕಟ್ ಮಾರ್ಚ್ 20ಕ್ಕೆ.

ಜೂನ್_ಒಂದು: ನೋಡಿ, ಮಾರ್ಚ್! ಜೂನ್ 1 ಸಮಸ್ಯೆನೇ.

ಲೆಕ್ಕದ_ಮೇಷ್ಟ್ರು: ಸ್ವಲ್ಪ ತಾಳಿ ಮಾರಾಯ್ರೆ. ಕ್ಯಾಪ್ ಲೆಕ್ಕದಲ್ಲಿ ಬೋನಸ್‌ನ 20ನ್ನ 4 ವರ್ಷಕ್ಕೆ ಹಂಚಿದ್ರೆ ವರ್ಷಕ್ಕೆ 5, ಬೇಸ್ 8 ಸೇರಿ ನಿಮ್ಮ 13. ಒಂದು ವರ್ಷ ಕಳೀತು, ಉಳಿದದ್ದು 15. ದುಡ್ಡು ಆಟಗಾರನ ಕೈ ಸೇರಿಯಾಗಿದೆ, ಹಾಗಾಗಿ ಕಟ್ ಮಾಡಿದ ತಕ್ಷಣ ಆ 15 ಪೂರ್ತಿ ಈ ವರ್ಷದ ಲೆಕ್ಕಕ್ಕೇ ಬೀಳತ್ತೆ. ಅದೇ ಡೆಡ್ ಮನಿ. 13 ಹೋಯ್ತು, 15 ಬಂತು: ಮೈನಸ್ 2. ಬೇಸ್‌ನ 8 ಗ್ಯಾರಂಟಿ (ಕಟ್ ಮಾಡಿದ್ರೂ ಕೊಡ್ಲೇಬೇಕು) ಆಗಿದ್ದಿದ್ರೆ ಡೆಡ್ ಮನಿ 23 ಆಗಿ ಮೈನಸ್ 10 ಬರ್ತಿತ್ತು. ಬಂದಿಲ್ಲ, ಅಂದ್ರೆ ಗ್ಯಾರಂಟಿ ಇಲ್ಲ.

ನಾಲ್ಕನೇ_ಡೌನ್: ಮಿಕ್ಕ 0.795?

ಜೂನ್_ಒಂದು: ರೌಂಡಿಂಗ್ ಇರ್ಬೇಕು. ಟಿಕ್ ಹಾಕಿ ನೋಡಿ ಮೊದ್ಲು.

ಐವತ್ತೊಂದು: ಎಂಟು ಲಕ್ಷ ಡಾಲರ್ ರೌಂಡಿಂಗಾ? ಟಾಪ್ 51 ನಿಯಮ ಅದು. ಸೀಸನ್ ಶುರುವಾಗೋವರೆಗೆ ದುಬಾರಿ 51 ಜನರ ಸಂಬಳ ಮಾತ್ರ ಎಣಿಕೆ. ಕಾರ್ನರ್ ಹೊರಗೆ ಹೋದ, 52ನೇಯವನು ಒಳಗೆ ಬಂದ. 2024ರ ರೂಕಿ (ಹೊಸ ಆಟಗಾರ) ಕನಿಷ್ಠ ಸಂಬಳ 7,95,000 ಡಾಲರ್. ಶೀಟ್ ಸರಿಯಾಗೇ ಇದೆ.

ಜೂನ್_ಒಂದು: ಟಿಕ್ ಹಾಕಿದ್ರೆ ಈ ವರ್ಷ 5 ಮಾತ್ರ, 10 ಮುಂದಿನ ವರ್ಷಕ್ಕೆ. 8 ಉಳಿತಾಯ. ನಾನು ಹೇಳಿದ್ದೇ ಸರಿ ಆಯ್ತಲ್ಲ.

ಲೆಕ್ಕದ_ಮೇಷ್ಟ್ರು: ಉಳಿತಾಯ ಸರಿ, ಆದ್ರೆ ಜೂನ್ 2ರವರೆಗೆ ಆ 13 ಕ್ಯಾಪ್ ಮೇಲೇ ಕೂತಿರತ್ತೆ. ಮಾರ್ಚ್‌ನಲ್ಲಿ ಫ್ರೀ ಏಜೆಂಟ್ (ಒಪ್ಪಂದ ಇಲ್ಲದ ಆಟಗಾರ) ತರೋಕೆ ಒಂದು ಕಾಸೂ ಸಿಗಲ್ಲ. ತಂಡಕ್ಕೆ ವರ್ಷಕ್ಕೆ ಇಂಥ ಟಿಕ್ ಎರಡೇ. ಡೆನ್ವರ್ ತಂಡ 2024ರಲ್ಲಿ ಕ್ವಾರ್ಟರ್‌ಬ್ಯಾಕ್ ರಸೆಲ್ ವಿಲ್ಸನ್‌ನ ಕಟ್ ಮಾಡುವಾಗ ಒಂದನ್ನ ಬಳಸಿ 85 ಮಿಲಿಯನ್ ಡೆಡ್ ಮನಿನ 53, 32 ಅಂತ ಎರಡು ವರ್ಷಕ್ಕೆ ಒಡೀತು.

ಶೀಟ್_ಶೂರ: ಬೇರೆ ತಂಡಕ್ಕೆ ಟ್ರೇಡ್ ಮಾಡಿ, ಡೆಡ್ ಮನಿ ತಲೆನೋವೇ ಇರಲ್ಲ.

ಐವತ್ತೊಂದು: ಇರತ್ತೆ. ಮಾರ್ಚ್‌ನಲ್ಲಿ ಟ್ರೇಡ್ ಮಾಡಿದ್ರೂ ಅದೇ 15 ನಿಮ್ಮ ತಲೆ ಮೇಲೇ. ಬೇಸ್ ಸಂಬಳ ಮಾತ್ರ ಆ ತಂಡಕ್ಕೆ ಹೋಗತ್ತೆ. ಗ್ಯಾರಂಟಿ ಬೇಸ್ ಇದ್ರೆ ಟ್ರೇಡ್ ಲಾಭ, ಇಲ್ಲಿ ಇಲ್ಲ.

ಶೀಟ್_ಶೂರ: ನನ್ನ ಶೀಟಲ್ಲಿ 32 ತಂಡಕ್ಕೂ ಒಂದೊಂದು ಟ್ಯಾಬ್, ಡೆಡ್ ಮನಿ ಬಂದ್ರೆ ಸೆಲ್ ತಾನಾಗೇ ಕೆಂಪಾಗತ್ತೆ.

ನಾಲ್ಕನೇ_ಡೌನ್: ಒಂದು ಹೇಳೋಕೆ ಮರ್ತೆ. ಅದೇ ಒಪ್ಪಂದದ ಕೊನೆಗೆ ಒಂದು ವಾಯ್ಡ್ ಇಯರ್ (ಹೆಸರಿಗಷ್ಟೇ ಇರೋ ಐದನೇ ವರ್ಷ) ಇದೆ. ಲೆಕ್ಕ ಬದಲಾಗತ್ತಾ?

ಲೆಕ್ಕದ_ಮೇಷ್ಟ್ರು: ಮರ್ತ್ರಾ! ಬೋನಸ್ ಆ ವರ್ಷಕ್ಕೂ ಹಂಚತ್ತೆ, ಹಾಗಾದ್ರೆ 20ನ್ನ 5ರಿಂದ ಭಾಗಿಸ್ಬೇಕು, ವರ್ಷಕ್ಕೆ 4. ಕ್ಯಾಪ್ ಹಿಟ್ 12, ಡೆಡ್ ಮನಿ 16. ನಿಮ್ಮ 13 ಅನ್ನೋದೇ ತಪ್ಪು.

ಶೀಟ್_ಶೂರ: ನನ್ನ ಶೀಟಲ್ಲಿ ವಾಯ್ಡ್ ಇಯರ್ ಬೂದು ಬಣ್ಣ.