ಪುಟ್ಟಿ ಕೇಳಿದ ಪ್ರಶ್ನೆ: ಹಲಸಿನ ಹಣ್ಣಿನ ಜ್ಯಾಕ್ ಯಾರು?

ಎಲ್ಲರದ್ದೂ ಊಟ ಆಯ್ತಾ? ಈ ಮೆಸೇಜು ಸ್ವಲ್ಪ ಉದ್ದ ಆಗುತ್ತದೆ. ಕೆಲಸದಲ್ಲಿರುವವರು ರಾತ್ರಿ ನಿಧಾನವಾಗಿ ನೋಡಿ, ಪರವಾಗಿಲ್ಲ.

ಬೆಳಿಗ್ಗೆ ನಮ್ಮ ಪುಟ್ಟಿ ಗ್ರೂಪಿನಲ್ಲಿ ಒಂದು ಪ್ರಶ್ನೆ ಹಾಕಿದ್ದಳು. ಶಾಲೆಗೆ ಹಲಸಿನ ಹಣ್ಣಿನ ಮೇಲೆ ಚಾರ್ಟ್ ಮಾಡಬೇಕಂತೆ. ಇಂಗ್ಲಿಷಿನಲ್ಲಿ ಜ್ಯಾಕ್‌ಫ್ರೂಟ್ ಅಂತಾರಲ್ಲ, ಆ ಜ್ಯಾಕ್ ಯಾರು ಅಂತ ಕೇಳಿದ್ದಾಳೆ. ಎಷ್ಟು ಒಳ್ಳೆಯ ಪ್ರಶ್ನೆ ನೋಡಿ! ಅದಕ್ಕೆ ಉತ್ತರವಾಗಿ ಒಂದು ಫಾರ್ವರ್ಡ್ ಬಂತು. ವಿಲಿಯಂ ಜ್ಯಾಕ್ ಅಂತ ಸ್ಕಾಟ್ಲೆಂಡಿನವನೊಬ್ಬ ಈಸ್ಟ್ ಇಂಡಿಯಾ ಕಂಪನಿಯಲ್ಲಿ ಡಾಕ್ಟರಾಗಿದ್ದ, ಗಿಡಮರಗಳ ಪಂಡಿತ, ಅವನ ಹೆಸರನ್ನೇ ಹಣ್ಣಿಗೆ ಇಟ್ಟರು ಅಂತ. ಅದರ ಕೆಳಗೇ ಇನ್ನೊಂದು ಬಂತು: ಹಲಸು ಅನ್ನೋದು ಸಂಸ್ಕೃತದ ಪನಸ ಕೆಟ್ಟು ಆಗಿರುವ ಮಾತು ಅಂತ. ಎರಡನ್ನೂ ಓದಿ ನನಗೆ ಸುಮ್ನೆ ಕೂರೋಕೆ ಆಗಲಿಲ್ಲ. ಎರಡೂ ಸರಿಯಲ್ಲ. ಮಗು ಅದನ್ನೇ ಚಾರ್ಟಿನ ಮೇಲೆ ಬರೆದುಬಿಟ್ಟರೆ ಕಷ್ಟ.

ಮೊದಲು ಆ ಜ್ಯಾಕ್ ವಿಷಯ ಮುಗಿಸಿಬಿಡೋಣ. ವಿಲಿಯಂ ಜ್ಯಾಕ್ ಇದ್ದದ್ದು ನಿಜ. ಹುಟ್ಟಿದ್ದು 1795ರಲ್ಲಿ. ಸುಮಾತ್ರಾ ಕಡೆಯೆಲ್ಲ ಸುತ್ತಿ ಗಿಡಮರಗಳ ಬಗ್ಗೆ ಬರೆದ. 1822ರಲ್ಲಿ, ಬರೀ 27 ವರ್ಷಕ್ಕೇ ತೀರಿಕೊಂಡ, ಪಾಪ. ಆದರೆ ಅವನು ಹುಟ್ಟುವುದಕ್ಕೆ ಇನ್ನೂರು ಚಿಲ್ಲರೆ ವರ್ಷ ಮೊದಲೇ ಈ ಹೆಸರು ಅಚ್ಚಾಗಿತ್ತು. ಗೋವಾದಲ್ಲಿ ಗಾರ್ಸಿಯಾ ದ ಒರ್ಟಾ ಅನ್ನುವ ಪೋರ್ಚುಗೀಸ್ ವೈದ್ಯ ಇದ್ದ. ನಮ್ಮ ದೇಶದ ಔಷಧಿ, ಗಿಡಮೂಲಿಕೆ, ಹಣ್ಣುಗಳ ಬಗ್ಗೆ 1563ರಲ್ಲಿ ಒಂದು ಪುಸ್ತಕ ಅಚ್ಚು ಹಾಕಿಸಿದ. ಇಬ್ಬರು ಕೂತು ಮಾತಾಡುವ ಹಾಗೆ ಬರೆದ ಪುಸ್ತಕ ಅದು. ಅದರಲ್ಲಿ ಈ ಹಣ್ಣಿಗೆ ಮಲಬಾರಿನಲ್ಲಿ 'ಜಾಕ' ಅಂತಾರೆ ಅಂತ ಬರೆದಿದ್ದಾನೆ. ಆ ಮಾತುಕತೆಯಲ್ಲಿ ನನಗೆ ತುಂಬ ಹಿಡಿಸಿದ್ದು ಒಂದಿದೆ. ಬಂದ ಅತಿಥಿಗೆ ಮೊದಲು ಸುಟ್ಟ ಹಲಸಿನ ಬೀಜ ಕೊಟ್ಟಿದ್ದಾರೆ. ಅವನು ತಿಂದು, ನಮ್ಮ ಕಡೆಯ ಚೆಸ್ಟ್‌ನಟ್ ಇದ್ದ ಹಾಗೇ ಇದೆ ಅಂದಿದ್ದಾನೆ. ಆಮೇಲೆ ಅವನಿಗೆ ತೊಳೆ ತಿನ್ನಿಸುತ್ತಾರೆ. ಅಂದರೆ ನಮ್ಮ ಅವ್ವ ಒಲೆಯ ಬೂದಿಯೊಳಗೆ ಬೀಜ ಹುಗಿದು, ಚಟ್ ಅಂತ ಸಿಡಿದಾಗ ಕಡ್ಡಿಯಲ್ಲಿ ಹೊರಗೆ ಎಳೆದು ಕೊಡುತ್ತಿದ್ದರಲ್ಲ, ಅದೇ ರುಚಿಯನ್ನು ನಾನೂರೈವತ್ತು ವರ್ಷದ ಹಿಂದೆ ಅವರೂ ಮಾತಾಡಿಕೊಂಡಿದ್ದಾರೆ.

ಹಾಗಾದರೆ ಜಾಕ ಎಲ್ಲಿಂದ ಬಂತು? ಮಲಯಾಳಂನಿಂದ. ಅಲ್ಲಿ ಹಲಸಿನ ಹಣ್ಣಿಗೆ 'ಚಕ್ಕ' ಅಂತಾರೆ. ತುಮಕೂರಿನ ಮನೆಯ ಮಹಡಿಯಲ್ಲಿ ಕೇರಳದ ನರ್ಸ್ ಒಬ್ಬರು ಬಾಡಿಗೆಗೆ ಇದ್ದರು, ನೆನಪಿದೆಯಾ? ಊರಿಂದ ತಂದ ಹಣ್ಣಿನಲ್ಲಿ ಒಂದು ತಟ್ಟೆ ತೊಳೆ ಅವರಿಗೆ ಕೊಡೋಕೆ ಹೋಗಿದ್ದೆ. ಬಾಗಿಲು ತೆಗೆದರು. ತಟ್ಟೆಯನ್ನು ನೋಡಲೇ ಇಲ್ಲ, ವಾಸನೆಗೇ 'ಅಯ್ಯೋ, ಚಕ್ಕ!' ಅಂದರು. ಹಬ್ಬಕ್ಕೆ ತವರಿನವರು ಬಂದರೆ ಹೆಣ್ಣುಮಕ್ಕಳ ದನಿ ಹೇಗೆ ಆಗುತ್ತದೆ, ಹಾಗಿತ್ತು ಆ ದನಿ. ಅವರೇ ಇನ್ನೊಂದು ಹೇಳಿಕೊಟ್ಟರು. ಅವರಲ್ಲಿ ಹಣ್ಣು ಮಾತ್ರ ಚಕ್ಕ. ಮರಕ್ಕೆ ಬೇರೆ ಹೆಸರು, ಪ್ಲಾವು. ಈ ಪ್ಲಾವು ಅನ್ನೋದನ್ನು ಸ್ವಲ್ಪ ಜ್ಞಾಪಕ ಇಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಯೂರೋಪಿನವರ ಕಿವಿಗೆ ಈ ಚಕ್ಕ ಬಿದ್ದದ್ದು ವಾಸ್ಕೋ ಡ ಗಾಮ 1498ರಲ್ಲಿ ಕಲ್ಲಿಕೋಟೆ ಕಡೆ ಬರುವುದಕ್ಕಿಂತಲೂ ಮೊದಲು. 1328ರ ಸುಮಾರಿಗೆ ಕೊಲ್ಲಂ ಕಡೆ ಇದ್ದ ಜೋರ್ಡಾನಸ್ ಅನ್ನುವ ಪಾದ್ರಿ 'ಚಾಕಿ' ಅಂತ ಬರೆದಿಟ್ಟಿದ್ದಾನೆ. ಎಷ್ಟು ದೊಡ್ಡ ಹಣ್ಣೆಂದರೆ ಒಂದು ಇದ್ದರೆ ಐದು ಜನಕ್ಕೆ ಸಾಕು ಅಂತ. ಐದೇ ಜನಕ್ಕಾ? ನಮ್ಮ ಮನೆಯ ಹಿತ್ತಲಿನ ಮರ ನೋಡಿದ್ದರೆ ಇಡೀ ಕೇರಿಗೆ ಸಾಕು ಅಂತಿದ್ದನೇನೋ! ಆಮೇಲೆ ಪೋರ್ಚುಗೀಸರ ಬಾಯಲ್ಲಿ ಅದು ಜಾಕ ಆಯಿತು, ಅವರಿಂದ ಇಂಗ್ಲಿಷಿನವರಿಗೆ ಹೋಗಿ ಜ್ಯಾಕ್ ಆಯಿತು. ಜ್ಯಾಕ್ ಅಂದ ತಕ್ಷಣ ಮನುಷ್ಯನ ಹೆಸರಿನ ಹಾಗೆ ಕೇಳಿಸುತ್ತದೆ ಅಲ್ವಾ, ಅದಕ್ಕೇ ಇಂಥ ಕಥೆ ಹುಟ್ಟಿಕೊಂಡದ್ದು. ಅದು ಯಾವ ಸಾಹೇಬನ ಹೆಸರೂ ಅಲ್ಲ. ನಮ್ಮ ಪಕ್ಕದ ಮನೆಯವರ ಮಾತು. ಪೋರ್ಚುಗೀಸರು ಬ್ರೆಜಿಲ್‌ಗೆ ಹಣ್ಣನ್ನೂ ಕೊಂಡುಹೋದರು, ಹೆಸರನ್ನೂ ಕೊಂಡುಹೋದರು. ಅಲ್ಲಿ ಇವತ್ತಿಗೂ ಜಾಕ ಅಂತಲೇ ಕರೆಯುತ್ತಾರೆ.

ಈಗ ನನ್ನ ಮನಸ್ಸಿಗೆ ಜಾಸ್ತಿ ನಾಟಿದ ಎರಡನೇ ಮಾತಿಗೆ ಬರುತ್ತೇನೆ. ಹಲಸು ಕೆಟ್ಟ ಪನಸ ಅನ್ನೋದು.

ಹೋದ ವರ್ಷ ನಮ್ಮ ಅಂಗಳದಲ್ಲಿ ಹಣ್ಣು ಕೊಯ್ದದ್ದನ್ನು ನೆನಪು ಮಾಡಿಕೊಳ್ಳಿ. ಗೋಣಿಚೀಲ ಹಾಸಿದ್ದೆವು. ಮಚ್ಚಿಗೂ ಕೈಗೂ ಕಡಲೆಕಾಯಿ ಎಣ್ಣೆ ಸವರಿಕೊಂಡು ಚಿಕ್ಕಪ್ಪ ಹಣ್ಣನ್ನು ಉದ್ದಕ್ಕೆ ಸೀಳಿದರು. ನಡುವಿನ ದಿಂಡಿನಿಂದ ಬಿಳಿ ಅಂಟು ನೂಲಿನ ಹಾಗೆ ಎಳೆ ಎಳೆಯಾಗಿ ಬಂತು. ಅದನ್ನು ಹುಲ್ಲಿನಲ್ಲಿ ಒರೆಸಿ ಒರೆಸಿ ತೆಗೆದರು. ಆಮೇಲೆ ತೊಳೆ ಒಂದೊಂದೇ ಬಿಡಿಸಿ ಮುತ್ತುಗದ ಎಲೆಯ ಮೇಲೆ ಇಟ್ಟರು. ಅಷ್ಟರಲ್ಲಿ ಕೆಜಿಎಫ್ ಮಾವನ ಮಕ್ಕಳು 'ಪಲಾಪ್ಪಳಂ ಪಲಾಪ್ಪಳಂ' ಅಂತ ಓಡಿ ಬಂದವು. ಪಾವಗಡದ ಅತ್ತಿಗೆ ಒಳಗಿನಿಂದಲೇ 'ಪನಸಪಂಡು ಕೋಸ್ತುನ್ನಾರಾ?' ಅಂತ ತೆಲುಗಿನಲ್ಲಿ ಕೂಗಿದರು. ನಾವು ಹಲಸಿನ ಹಣ್ಣು ಅಂತಿದ್ದೆವು. ಒಂದೇ ಗೋಣಿಚೀಲದ ಸುತ್ತ ಮೂರು ಭಾಷೆ. ನಮ್ಮ ತುಮಕೂರು, ಕೋಲಾರದ ಮನೆಗಳಲ್ಲಿ ಇದು ದಿನಾ ಇರುವುದೇ, ಅದಕ್ಕೇ ನಮಗೆ ಕಿವಿಗೆ ಬೀಳುವುದಿಲ್ಲ.

ಈಗ ಕಿವಿಗೊಟ್ಟು ಕೇಳಿ. ತಮಿಳಿನ ಪಲಾ. ಮಲಯಾಳದ ಪ್ಲಾವು. ತುಳುವಿನವರು ಕಾಯಿಗೆ ಪೆಲಕಾಯಿ ಅಂತಾರೆ. ಕನ್ನಡದ ಹಲಸು. ಎಲ್ಲ ಕಡೆ 'ಲ' ಹಾಗೇ ಕೂತಿದೆ. ನಮ್ಮಲ್ಲಿ ಮಾತ್ರ ಮೊದಲಿನ 'ಪ' ಹೋಗಿ 'ಹ' ಬಂದಿದೆ. ಇದು ಹಲಸಿಗೆ ಮಾತ್ರ ಆದದ್ದಲ್ಲ. ತಮಿಳಿನವರ ಪಾಲ್ ನಮ್ಮ ಹಾಲು. ಅವರ ಪುಲಿ ನಮ್ಮ ಹುಲಿ. ಪೂ ಅಂದರೆ ಹೂ, ಪತ್ತು ಅಂದರೆ ಹತ್ತು, ಪಲ್ ಅಂದರೆ ಹಲ್ಲು, ಪಳ್ಳಿ ಅಂದರೆ ಹಳ್ಳಿ. ಹಳೆಗನ್ನಡದಲ್ಲಿ ನಾವೂ 'ಪ' ಅಂತಲೇ ಅನ್ನುತ್ತಿದ್ದೆವು. ಹಲಸು ಆಗ ಪಲಸು. ಸುಮಾರು 10ನೇ ಶತಮಾನದಿಂದ ಶುರುವಾಗಿ, 14ನೇ ಶತಮಾನದ ಹೊತ್ತಿಗೆ ಮಾತಿನ ಮೊದಲಿನ 'ಪ' ನಿಧಾನವಾಗಿ 'ಹ' ಆಗುತ್ತಾ ಬಂತು. ಊರಿನ ಹೆಸರುಗಳಲ್ಲೂ ಇದು ಕಾಣುತ್ತದೆ. ಬೆಳಗಾವಿ ಜಿಲ್ಲೆಯ ಹಲಸಿ ಕದಂಬರ ಕಾಲದ ತಾಮ್ರಪಟಗಳಲ್ಲಿ ಪಲಾಶಿಕಾ. ಆಮೇಲಿನವರಿಗೆ ಪಲಸಿಗೆ. ಈಗ ನಮಗೆ ಹಲಸಿ. ಇದನ್ನು ಹೇಳಿದ್ದು ಆ 'ಪ' ಹೇಗೆ ಕರಗಿತು ಅಂತ ತೋರಿಸೋಕೆ.

ಹಾಗಾಗಿ ಹಲಸು ಯಾವುದೋ ಕೆಟ್ಟು ಆದ ಮಾತಲ್ಲ. ಹಾಲು, ಹೂ, ಹುಲಿ ಹೇಗೆ ನಮ್ಮವೋ ಹಾಗೇ ಇದೂ ನಮ್ಮ ಮನೆಯ ಮಾತು. ಬರೋ, ಎಮೆನೊ ಅನ್ನುವ ಇಬ್ಬರು ಭಾಷಾ ಪಂಡಿತರು ಸೇರಿ ದ್ರಾವಿಡ ಭಾಷೆಗಳ ಒಂದು ದೊಡ್ಡ ನಿಘಂಟು ಮಾಡಿದ್ದಾರೆ. ಮೊದಲು ಬಂದದ್ದು 1961ರಲ್ಲಿ. ಅದರಲ್ಲಿ ಪಲಾ, ಪ್ಲಾವು, ಪೆಲ, ಹಲಸು ಎಲ್ಲವನ್ನೂ ಅಣ್ಣತಮ್ಮಂದಿರ ಹಾಗೆ ಒಂದೇ ಕಡೆ ಕೂರಿಸಿದ್ದಾರೆ. ಹಾಗಾದರೆ ಸಂಸ್ಕೃತದ ಪನಸ? ಅದು ಹಳೆಯ ಮಾತೇ, ಗೌರವದ ಮಾತೇ. ಆದರೆ ಈ ಮರದ ತವರು ನಮ್ಮ ಪಶ್ಚಿಮ ಘಟ್ಟದ ಕಡೆ. ದಕ್ಷಿಣದವರ ಬಾಯಿಂದಲೇ ಪನಸ ಸಂಸ್ಕೃತಕ್ಕೆ ಹೋಗಿದೆ ಅಂತ ಭಾಷೆ ಓದಿದವರು ಬರೆದಿದ್ದಾರೆ. ಬರೋ ಅವರೂ ಅದನ್ನು ಹೀಗೆ ಹೋದ ಮಾತುಗಳ ಪಟ್ಟಿಯಲ್ಲೇ ಸೇರಿಸಿದ್ದಾರೆ. ನನಗಂತೂ ಅದೇ ಸರಿ ಅನ್ನಿಸುತ್ತದೆ. ಹಣ್ಣು ಎಲ್ಲಿ ಬೆಳೆಯುತ್ತದೋ ಅಲ್ಲಿಯವರು ತಾನೇ ಮೊದಲು ಹೆಸರಿಡುವುದು? ಆ ಪನಸದಿಂದ ಮರಾಠಿಯ ಫಣಸ ಬಂತು, ಕೊಂಕಣಿಯ ಪಣಸು ಬಂತು. ನಮ್ಮ ಅತ್ತಿಗೆಯ ತೆಲುಗಿನವರೂ ಪನಸ ಅಂತಲೇ ಕರೆಯುತ್ತಾರೆ.

ಉತ್ತರದವರು ಬೇರೆಯೇ ದಾರಿ ಹಿಡಿದರು. ಹಿಂದಿಯ ಕಟಹಲ್, ಬಂಗಾಳಿಯ ಕಾಂಠಾಲ್, ಎರಡೂ ಸಂಸ್ಕೃತದ ಕಂಟಕಫಲ, ಅಂದರೆ ಮುಳ್ಳಿನ ಹಣ್ಣು ಅನ್ನುವುದರಿಂದ ಬಂದವು. ಬಾಂಗ್ಲಾದೇಶಕ್ಕೆ ಅದೇ ಕಾಂಠಾಲ್ ರಾಷ್ಟ್ರೀಯ ಹಣ್ಣು. ಅವರು ಹೊರಗಿನ ಮೈ ನೋಡಿ ಹೆಸರಿಟ್ಟಿದ್ದಾರೆ. ಶಾಸ್ತ್ರದ ಹೆಸರು ಇಟ್ಟವರೂ ಹೀಗೆಯೇ, ತಮಗೆ ಕಂಡದ್ದನ್ನು ಹೇಳಿದ್ದಾರೆ. ಆರ್ಟೊಕಾರ್ಪಸ್ ಹೆಟೆರೊಫಿಲಸ್ ಅನ್ನೋದರಲ್ಲಿ ಮೊದಲಿನದು ಗ್ರೀಕಿನಲ್ಲಿ ರೊಟ್ಟಿಹಣ್ಣು. ಎರಡನೆಯದು ಬೇರೆ ಬೇರೆ ಥರದ ಎಲೆಯದು ಅಂತ. ಈ ಪೂರ್ತಿ ಹೆಸರು 1789ರಲ್ಲಿ ಲಮಾರ್ಕ್ ಅನ್ನುವ ಫ್ರಾನ್ಸಿನ ವಿಜ್ಞಾನಿ ಇಟ್ಟದ್ದು. ಬೇರೆ ಬೇರೆ ಎಲೆ ಯಾಕೆ ಅಂತ ಪುಟ್ಟಿ ಕೇಳಿಯೇ ಕೇಳುತ್ತಾಳೆ. ಬಾವಿಯ ಹತ್ತಿರ ಬೀಜದಿಂದ ಎದ್ದ ಪುಟ್ಟ ಸಸಿ ಇದೆಯಲ್ಲ, ಅದರ ಎಲೆ ನೋಡಮ್ಮ. ಕೆಲವಕ್ಕೆ ಅಂಚಿನಲ್ಲಿ ಕೈಬೆರಳಿನ ಹಾಗೆ ಸೀಳು ಇರುತ್ತದೆ. ದೊಡ್ಡ ಮರದ ಎಲೆ ಮಾತ್ರ ನುಣ್ಣಗೆ, ದುಂಡಗೆ. ಎರಡನ್ನೂ ಕಿತ್ತು ಚಾರ್ಟಿಗೆ ಅಂಟಿಸು.

ಇಂಡೋನೇಷ್ಯಾದವರು ನಂಕ ಅಂತಾರೆ, ಫಿಲಿಪೈನ್ಸಿನವರು ಲಂಕ, ವಿಯೆಟ್ನಾಮಿನವರು ಮಿಟ್, ಸಿಂಹಳದವರು ಕೊಸ್. ಚಾರ್ಟಿನಲ್ಲಿ ಜಾಗ ಇದ್ದರೆ ಇವನ್ನೂ ಬರೆಯಬಹುದು.

ಆದರೆ ಪುಟ್ಟಿ, ಒಂದನ್ನು ಮಾತ್ರ ಬಿಡಬೇಡ. ಮನುಷ್ಯನ ಹೆಸರಿರುವ ಹಲಸು ನಿಜವಾಗಿಯೂ ಇದೆ, ಅದೂ ನಮ್ಮ ಗುಬ್ಬಿ ತಾಲ್ಲೂಕಿನಲ್ಲೇ. ಚೇಳೂರಿನ ರೈತರೊಬ್ಬರ ತೋಟದಲ್ಲಿ ಅವರ ತಂದೆ ನೆಟ್ಟ ಒಂದು ಮರ ಇತ್ತು. ಹಣ್ಣು ಚಿಕ್ಕದು, ಎರಡೂವರೆ ಕೇಜಿ ಆಸುಪಾಸು. ಒಂದು ಸಣ್ಣ ಮನೆಗೆ ಒಂದು ಹಣ್ಣು ಸಾಕು, ಹಾಳು ಮಾಡುವ ಮಾತೇ ಇಲ್ಲ. ಒಡೆದರೆ ಒಳಗೆ ತಾಮ್ರದ ಚೆಂಬಿನ ಬಣ್ಣದ ತೊಳೆ. ಹಿರೇಹಳ್ಳಿಯ ತೋಟಗಾರಿಕೆ ಸಂಶೋಧನಾ ಕೇಂದ್ರದವರು ಬಂದು ನೋಡಿದರು, ಪರೀಕ್ಷೆ ಮಾಡಿದರು. ಆಮೇಲೆ ಕಸಿ ಸಸಿ ಮಾಡಿ ಬೇರೆ ರೈತರಿಗೂ ಸಿಗುವ ಹಾಗಾಯಿತು. ತಳಿಗೆ ಆ ಮರ ನೆಟ್ಟ ತಂದೆಯ ಹೆಸರನ್ನೇ ಇಟ್ಟರು, ಸಿದ್ದು ಅಂತ. ಇವತ್ತು ದೂರದ ಊರಿನವರೂ 'ಸಿದ್ದು ಸಸಿ ಇದೆಯಾ' ಅಂತ ಕೇಳಿಕೊಂಡು ಬರುತ್ತಾರೆ. ಒಬ್ಬ ರೈತ ಹಳ್ಳ ತೋಡಿ, ನೀರು ಹೊತ್ತು ಸಾಕಿದ ಮರಕ್ಕೆ ಅವನ ಹೆಸರು ಬಂದಿದೆ. ಅದನ್ನು ನೆನೆದರೆ ನನಗೆ ಕಣ್ಣು ತುಂಬುತ್ತದೆ, ನಿಜ ಹೇಳುತ್ತೇನೆ. ಚಾರ್ಟಿನಲ್ಲಿ ವಿಲಿಯಂ ಜ್ಯಾಕ್‌ಗೆ ಅಂತ ಇಟ್ಟಿದ್ದ ಜಾಗದಲ್ಲಿ ಇದನ್ನು ಬರಿ.

ಈಗ ಕೆಲಸದ ವಿಷಯ. ನಮ್ಮ ಮರದಲ್ಲಿ ಬುಡದ ಹತ್ತಿರ ಇರುವ ಎರಡು ಕಾಯಿ ಬಲಿತಿವೆ. ಬೆಳಿಗ್ಗೆ ತಟ್ಟಿ ನೋಡಿದೆ, ಡಬ್ ಡಬ್ ಅಂತ ಸದ್ದು ಬರುತ್ತಿದೆ. ಮುಳ್ಳಿನ ನಡುವೆ ಅಂತರ ಆಗಿದೆ. ಭಾನುವಾರದ ಹೊತ್ತಿಗೆ ಒಂದು ಹಣ್ಣಾಗುತ್ತದೆ, ಅದು ಬಕ್ಕೆ, ಅಂದರೆ ಗಟ್ಟಿ ತೊಳೆಯದು. ಹಸಿದು ಹಲಸು, ಉಂಡು ಮಾವು ಅಂತ ಅವ್ವ ಹೇಳುತ್ತಿದ್ದರಲ್ಲ, ಹಾಗಾಗಿ ಯಾರೂ ಮನೆಯಲ್ಲಿ ತಿಂಡಿ ತಿಂದು ಬರಬೇಡಿ. ಪಾವಗಡದ ಅತ್ತಿಗೆ, ನೀವು ಬರೋಕೆ ಆಗಲ್ಲ ಅಂದಿರಿ. ಪನಸಪಂಡು ಅಂತ ನಿಮ್ಮ ದನಿಯಲ್ಲೇ ಹೇಳಿ ಒಂದು ವಾಯ್ಸ್ ಮೆಸೇಜ್ ಹಾಕಿ. ಕೆಜಿಎಫ್ ಮಾವ, ನೀವು ಪಲಾಪ್ಪಳಂ ಅನ್ನಿ. ಆ 'ಳ'ವನ್ನು ನೀವು ನಾಲಿಗೆ ಮಡಿಸಿ ಹೇಳುವ ಹಾಗೆ ನಮಗೆ ಬರುವುದಿಲ್ಲ. ಮಹಡಿಯ ನರ್ಸ್ ಅವರ ನಂಬರು ನನ್ನ ಹತ್ತಿರ ಇದೆ, ಚಕ್ಕ ಅನ್ನೋದಕ್ಕೆ ಅವರನ್ನೇ ಕೇಳುತ್ತೇನೆ. ಪುಟ್ಟಿ ಎಲ್ಲವನ್ನೂ ಕೇಳಿಸಿಕೊಂಡು, ಕಿವಿಗೆ ಬಿದ್ದ ಹಾಗೇ ಬರೆದುಕೊಳ್ಳಲಿ. ಚಿಕ್ಕಪ್ಪ, ಮಚ್ಚು ಮಸೆಸಿ ಇಟ್ಟಿರಿ. ಎಣ್ಣೆ ನಾನು ತರುತ್ತೇನೆ.