ಹಳೇ ಲ್ಯಾಪ್‌ಟಾಪ್‌ಗೆ ಮತ್ತೆ ವಿಂಡೋಸ್ ಹಾಕಿದರೆ ಸರಿಹೋಗುತ್ತಾ?

ಹತ್ತು ವರ್ಷದ ಲ್ಯಾಪ್‌ಟಾಪ್, ವಿಂಡೋಸ್ 10 ಇದೆ. ಆನ್ ಆಗಲು ಏಳೆಂಟು ನಿಮಿಷ ಬೇಕು. ಫೈಲ್ ತೆರೆದರೆ ಹ್ಯಾಂಗ್ ಆಗುತ್ತದೆ. ಫಾರ್ಮ್ಯಾಟ್ ಮಾಡಿ ಹೊಸದಾಗಿ ಹಾಕೋಣ ಅಂತಿದ್ದೇನೆ. ಮಾಡಿ ನೋಡಿದವರು ದಯವಿಟ್ಟು ಹೇಳಿ.

ಉತ್ತರ 1:
ಸ್ವಲ್ಪ ತಡೆಯಿರಿ. ನಾನು ಒಂದೇ ತಿಂಗಳಲ್ಲಿ ಎರಡು ಸಲ ಫಾರ್ಮ್ಯಾಟ್ ಮಾಡಿದ್ದೆ. ಎರಡು ಸಲವೂ ಒಂದು ವಾರ ಚೆನ್ನಾಗಿ ಓಡಿತು, ಆಮೇಲೆ ಮತ್ತೆ ಹಳೇ ಕಥೆ. ಕೊನೆಗೆ ಡಿಸ್ಕ್‌ನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನೋ ಸಾಫ್ಟ್‌ವೇರ್ ಹಾಕಿ ನೋಡಿದರೆ ಹಳದಿ ಬಣ್ಣದಲ್ಲಿ 'ಕಾಷನ್' ಅಂತ ಬಂತು. ಹಾರ್ಡ್ ಡಿಸ್ಕ್‌ನಲ್ಲಿ ಕೆಟ್ಟ ಸೆಕ್ಟರ್‌ಗಳು, ಅಂದರೆ ಸರಿಯಾಗಿ ಓದೋಕೆ ಬರೆಯೋಕೆ ಆಗದ ಜಾಗಗಳು, ಜಾಸ್ತಿಯಾಗುತ್ತಿದ್ದವು. ಪಾಯ ಕುಸಿಯುತ್ತಿದ್ದ ಮನೆಗೆ ನಾನು ಸುಣ್ಣ ಬಳಿಯುತ್ತಿದ್ದೆ, ಅಷ್ಟೇ.

ನಿಮಗೂ ಹಳದಿ ಅಥವಾ ಕೆಂಪು ಬಂದರೆ ಫಾರ್ಮ್ಯಾಟ್ ಮಾತು ಬಿಡಿ. ಮೊದಲು ಫೋಟೋ, ಕಾಗದಪತ್ರಗಳನ್ನು ಬೇರೆ ಡಿಸ್ಕ್‌ಗೆ ಕಾಪಿ ಮಾಡಿ. ಆಮೇಲೆ ಹಳೇ ಡಿಸ್ಕ್ ತೆಗೆದು ಎಸ್‌ಎಸ್‌ಡಿ (ತಿರುಗುವ ಭಾಗಗಳಿಲ್ಲದ, ವೇಗದ ಡಿಸ್ಕ್) ಹಾಕಿ. ನನ್ನದು ಈಗ ಅರ್ಧ ನಿಮಿಷದಲ್ಲಿ ಆನ್ ಆಗುತ್ತದೆ. ಡಿಸ್ಕ್ ಗಟ್ಟಿಯಿದ್ದರೂ ಇಷ್ಟು ಹಳೇ ಯಂತ್ರಕ್ಕೆ ಎಸ್‌ಎಸ್‌ಡಿಯೇ ಒಳ್ಳೆ ಮದ್ದು ಅನ್ನೋದು ನನ್ನ ಅಭಿಪ್ರಾಯ.

ಉತ್ತರ 2:
ಲೈಸೆನ್ಸ್ ಹೋಗುತ್ತದೆ ಅಂತ ಸುಮ್ನೆ ಹೆದರಬೇಡಿ. ಈಗಿರುವುದು ಅಸಲಿ ವಿಂಡೋಸ್ ಆಗಿದ್ದು, ಮದರ್‌ಬೋರ್ಡ್ ಬದಲಾಗದಿದ್ದರೆ ಕೀ ಕೇಳಿದಾಗ 'ನನ್ನ ಬಳಿ ಇಲ್ಲ' ಅಂತ ಒತ್ತಿ ಮುಂದೆ ಹೋಗಿ. ಈಗಿರುವುದು ಹೋಮ್ ಆವೃತ್ತಿಯಾದರೆ ಹೋಮನ್ನೇ ಹಾಕಿ. ನೆಟ್ ಸಿಕ್ಕ ಮೇಲೆ ತಾನೇ ಆಕ್ಟಿವೇಟ್ ಆಗುತ್ತದೆ. ವಿಂಡೋಸ್ ಹಾಕೋಕೆ 8 ಜಿಬಿ ಪೆನ್‌ಡ್ರೈವ್ ಸಾಕು, ಆದರೆ ಅದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ. ವೈಫೈ ಡ್ರೈವರನ್ನು (ವೈಫೈ ಕೆಲಸ ಮಾಡಲು ಬೇಕಾದ ಸಾಫ್ಟ್‌ವೇರ್) ಮೊದಲೇ ಇಳಿಸಿಟ್ಟುಕೊಳ್ಳಿ. ನಾನು ಮರೆತಿದ್ದೆ. ನೆಟ್ ಇಲ್ಲದೆ ನೆಟ್‌ನ ಡ್ರೈವರ್ ಹುಡುಕುವ ಪಾಡು ಯಾರಿಗೂ ಬೇಡ!

ಉತ್ತರ 3:
ಮತ್ತೆ ವಿಂಡೋಸ್ 10 ಯಾಕೆ? 2025ರ ಅಕ್ಟೋಬರ್ 14ಕ್ಕೆ ಅದರ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಅನ್ನೋ ಭದ್ರತಾ ವ್ಯವಸ್ಥೆ ಬೇಕು, ಹತ್ತು ವರ್ಷದ ಯಂತ್ರದಲ್ಲಿ ಅದಿದ್ದರೂ ಅದರ ಪ್ರೊಸೆಸರ್ ಮೈಕ್ರೋಸಾಫ್ಟ್ ಒಪ್ಪುವ ಪಟ್ಟಿಯಲ್ಲಿ ಇರುವುದು ಅನುಮಾನ. ಬ್ರೌಸರ್, ಮೇಲ್, ಟೈಪಿಂಗ್ ಇಷ್ಟೇ ಕೆಲಸವಾದರೆ ವಿಂಡೋಸ್ ಬದಲು ಹಾಕಬಹುದಾದ ಉಚಿತ ಲಿನಕ್ಸ್ ಮಿಂಟ್‌ನ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ ನೋಡಿ. 4 ಜಿಬಿ ರ‍್ಯಾಮ್‌ನಲ್ಲಿ ಆರಾಮಾಗಿ ಓಡುತ್ತದೆ. ಪೆನ್‌ಡ್ರೈವ್‌ನಿಂದಲೇ ಓಡಿಸಿ ವೈಫೈ, ಸೌಂಡ್ ಬರುತ್ತಾ ಅಂತ ಪರೀಕ್ಷೆ ಮಾಡಬಹುದು. ವಿಂಡೋಸ್ ಏಳದೇ ಹೋದರೆ ಫೈಲ್ ಹೊರತೆಗೆಯೋಕೂ ಅದೇ ದಾರಿ. ವಿಂಡೋಸ್‌ಗೆಂದೇ ಮಾಡಿದ ಟ್ಯಾಲಿಯಂಥ ಸಾಫ್ಟ್‌ವೇರ್ ಬೇಕೇ ಬೇಕು ಅಂದರೆ ಮಾತ್ರ ನನ್ನ ಮಾತು ಬಿಟ್ಟುಬಿಡಿ.

ಪ್ರಶ್ನೆ ಕೇಳಿದವರು:
ನೋಡಿದೆ. ಹಳದಿಯೇ ಬಂತು. ಈಗ ಫೋಟೋ ಕಾಪಿಗೆ ಹಾಕಿದ್ದೇನೆ, ಇನ್ನೂ ಮೂರು ಗಂಟೆ ಅಂತ ತೋರಿಸುತ್ತಿದೆ. ಅಲ್ಲಿವರೆಗೆ ಲ್ಯಾಪ್‌ಟಾಪನ್ನು ಯಾರೂ ಮುಟ್ಟದಂತೆ ಕಾವಲು ಕೂತಿದ್ದೇನೆ.